ಹಣದ ಪುಸ್ತಕಗಳು ಮತ್ತು ಪರಿಮಾಣದ ಪ್ರಶ್ನೆ

ಗೃಹಸ್ಥನು ತನ್ನ ಹಣವನ್ನು ಹೇಗೆ ಗಳಿಸಬೇಕು, ಹೇಗೆ ಉಳಿಸಬೇಕು, ಹೇಗೆ ಬೆಳೆಸಬೇಕು ಎಂಬುದನ್ನು ಬೋಧಿಸುವ ಪುಸ್ತಕಗಳು ಇಂದು ಪುಸ್ತಕದಂಗಡಿಗಳಲ್ಲಿ ಒಂದು ಪ್ರತ್ಯೇಕ ಸಾಲನ್ನೇ ಆಕ್ರಮಿಸಿಕೊಂಡಿವೆ. ಪದವಿ ಮುಗಿಸಿದ ಮಗನಿಗೂ, ಉದ್ಯೋಗಕ್ಕೆ ಸೇರಿದ ಮಗಳಿಗೂ, ಹೊಸದಾಗಿ ಮದುವೆಯಾದ ದಂಪತಿಗಳಿಗೂ ಇವನ್ನು ಉಡುಗೊರೆಯಾಗಿ ಕೊಡುವ ರೂಢಿ ನಮ್ಮ ಮನೆಗಳಲ್ಲಿ ಬೆಳೆದಿದೆ. ಕಾದಂಬರಿಯನ್ನೂ ಕಾವ್ಯವನ್ನೂ ವಿಮರ್ಶೆಯ ಒರೆಗಲ್ಲಿಗೆ ಹಚ್ಚುವ ನಾವು ಈ ಪುಸ್ತಕಗಳನ್ನು ಮಾತ್ರ ಅಡುಗೆಯ ಕೈಪಿಡಿಗಳಂತೆ ಭಾವಿಸಿ, ಅವು ಹೇಳಿದ ವಿಧಾನ ಫಲಿಸುವುದೇ ಇಲ್ಲವೇ ಎಂದಷ್ಟೇ ಕೇಳಿ ಸುಮ್ಮನಾಗುತ್ತೇವೆ. ಆದರೆ ಓದುಗನ ದಿನಚರಿಯನ್ನೂ, ತಂದೆ ತಾಯಿಗಳನ್ನು ಅವನು ನೋಡುವ ದೃಷ್ಟಿಯನ್ನೂ, ಕೊಡುವ ಕೈಯ ಸಡಿಲ ಬಿಗಿತಗಳನ್ನೂ ಇವುಗಳಷ್ಟು ನೇರವಾಗಿ ಮಾರ್ಪಡಿಸುವ ಬರವಣಿಗೆ ಬೇರೊಂದಿಲ್ಲ. ಆದ್ದರಿಂದ ಇವುಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವ ಕೆಲವನ್ನು ಎತ್ತಿಕೊಂಡು, ಅವು ಎಂತಹ ಮನುಷ್ಯನನ್ನು ಆದರ್ಶವೆಂದು ಮುಂದಿಡುತ್ತವೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇಂತಹ ಪುಸ್ತಕಗಳು ಅನಾವಶ್ಯಕವೆಂದು ಯಾರೂ ಹೇಳಲಾರರು. ಕೇಂದ್ರ ಸರ್ಕಾರವು 2004ರ ಜನವರಿ 1ರಿಂದ, ಕರ್ನಾಟಕ ಸರ್ಕಾರವು 2006ರ ಏಪ್ರಿಲ್ 1ರಿಂದ ಹೊಸದಾಗಿ ಸೇವೆಗೆ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿಯ ಬದಲು ಮಾರುಕಟ್ಟೆಯನ್ನು ಅವಲಂಬಿಸಿದ ಪಿಂಚಣಿಯನ್ನು ಜಾರಿಗೆ ತಂದವು. ವೃದ್ಧಾಪ್ಯದ ಚಿಂತೆ ಹೀಗೆ ಸರ್ಕಾರದ ಹೆಗಲಿನಿಂದ ಗೃಹಸ್ಥನ ಹೆಗಲಿಗೆ ಇಳಿಯಿತು. ಅವಿಭಕ್ತ ಕುಟುಂಬದ ಆಸರೆಯೂ ಸಡಿಲಗೊಂಡಿದೆ. ಪತಿಯ ಮರಣಾನಂತರ ಬ್ಯಾಂಕಿನ ಖಾತೆ ಯಾವುದು, ವಿಮೆಯ ಪತ್ರ ಎಲ್ಲಿದೆ ಎಂಬುದನ್ನರಿಯದೆ ಪರದಾಡುವ ಸ್ತ್ರೀಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಚಕ್ರಬಡ್ಡಿಯ ಲೆಕ್ಕ, ವಿಮೆಯ ಉಪಯೋಗ, ಕ್ರೆಡಿಟ್ ಕಾರ್ಡಿನ ಸಾಲದ ಅಪಾಯ ಇವುಗಳನ್ನು ತಿಳಿಸಿಕೊಡುವ ಪುಸ್ತಕ ಉಪಕಾರವನ್ನೇ ಮಾಡುತ್ತದೆ. ಪ್ರಶ್ನೆ ಇರುವುದು ತಿಳಿವಳಿಕೆಯಲ್ಲಲ್ಲ. ತಿಳಿವಳಿಕೆಯೊಡನೆ ಸದ್ದಿಲ್ಲದೆ ಒಳಬರುವ ಮೌಲ್ಯಗಳಲ್ಲಿ.

ಬ್ಯಾಬಿಲೋನಿನ ಹತ್ತನೆಯ ಒಂದು ಭಾಗ

ಈ ಪ್ರಕಾರದ ಹಿರಿಯ ಕೃತಿಗಳಲ್ಲೊಂದು ಜಾರ್ಜ್ ಕ್ಲೇಸನ್ ಬರೆದ ‘ದಿ ರಿಚೆಸ್ಟ್ ಮ್ಯಾನ್ ಇನ್ ಬ್ಯಾಬಿಲೋನ್’. ಕ್ಲೇಸನ್ ಅಮೆರಿಕದಲ್ಲಿ ಭೂಪಟಗಳನ್ನು ಪ್ರಕಟಿಸುತ್ತಿದ್ದ ವ್ಯಾಪಾರಿ. ಇದರ ಕಥೆಗಳು 1926ರಿಂದ ಕಿರುಹೊತ್ತಗೆಗಳ ರೂಪದಲ್ಲಿ ಹೊರಬಂದವು. ಅವನ್ನು ಗ್ರಾಹಕರಿಗೆ ಹಂಚಿದವು ಬ್ಯಾಂಕುಗಳು ಮತ್ತು ವಿಮಾ ಕಂಪನಿಗಳು. ಉಳಿತಾಯವನ್ನು ಬೋಧಿಸುವ ಗ್ರಂಥವನ್ನು, ಉಳಿತಾಯದ ಹಣವನ್ನು ಸ್ವೀಕರಿಸುವ ಸಂಸ್ಥೆಗಳೇ ಹಂಚಿದುವೆಂಬ ಸಂಗತಿ ಸಣ್ಣದಲ್ಲ. ಅದರ ಬೋಧೆ ಸರಳ: ಗಳಿಸಿದುದರಲ್ಲಿ ಹತ್ತನೆಯ ಒಂದು ಭಾಗವನ್ನಾದರೂ ಬೇರೆ ಯಾರಿಗೂ ಕೊಡುವ ಮೊದಲು ನಿನಗಾಗಿ ಎತ್ತಿಡು. ಸಾಲಗಾರನಾದ ದಬಾಸಿರನೆಂಬ ಒಂಟೆ ವ್ಯಾಪಾರಿ ತನ್ನ ಗಳಿಕೆಯ ಏಳು ಭಾಗದಲ್ಲಿ ಜೀವಿಸಿ, ಒಂದು ಭಾಗವನ್ನು ಉಳಿಸಿ, ಎರಡು ಭಾಗದಿಂದ ಸಾಲ ತೀರಿಸಿ ತಲೆಯೆತ್ತಿ ನಡೆಯುವ ಕಥೆ ಈ ಪುಸ್ತಕದ ಅತ್ಯುತ್ತಮ ಭಾಗ. ಸಾಲ ತೀರಿಸುವುದನ್ನು ಆತ್ಮಗೌರವದ ಪ್ರಶ್ನೆಯಾಗಿ ಚಿತ್ರಿಸಿದ ಲೇಖಕನಿಗೆ ಯಾವ ಸದ್ಗೃಹಸ್ಥನೂ ತಲೆದೂಗುವನು.

ಆದರೂ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹತ್ತನೆಯ ಒಂದು ಭಾಗವೆಂಬುದು ಅನೇಕ ಧರ್ಮಗಳಲ್ಲಿ ಗೃಹಸ್ಥನು ಪರರಿಗಾಗಿ ತೆಗೆದಿಡುತ್ತಿದ್ದ ಪಾಲು. ಕ್ಲೇಸನ್ನರ ಕಥೆಯಲ್ಲಿ ಅದೇ ಪ್ರಮಾಣ, ಅದೇ ನಿಷ್ಠೆ. ಪಡೆಯುವವನು ಮಾತ್ರ ಬದಲಾಗಿದ್ದಾನೆ. ದಾನದ ಅಳತೆಗೋಲು ಸಂಚಯದ ಅಳತೆಗೋಲಾಗಿದೆ. ಇನ್ನೊಂದು ಮಾತು. ಬ್ಯಾಬಿಲೋನಿನ ವೈಭವವನ್ನು ವರ್ಣಿಸುವ ಈ ಕಥೆಗಳಲ್ಲಿ ಕೋಟೆಯ ಗೋಡೆಗೆ ಇಟ್ಟಿಗೆ ಹೊರುವ ದಾಸರು ಬರುತ್ತಾರೆ. ಅವರಲ್ಲಿ ದುಡಿಮೆಯಿಂದ ಮೇಲೆದ್ದವನೊಬ್ಬನ ಭಾಗ್ಯವನ್ನು ಕಥೆ ಕೊಂಡಾಡುತ್ತದೆ. ಹೊರುತ್ತಲೇ ಉಳಿದವರ ಪಾಡೇನೆಂದು ಕೇಳುವುದಿಲ್ಲ. ಮುಂದೆ ಬಂದ ಬಹುಪಾಲು ಪುಸ್ತಕಗಳಿಗೆ ಈ ಮೌನ ಪಿತ್ರಾರ್ಜಿತವಾಗಿ ದಕ್ಕಿದಂತಿದೆ.

ಕಾಗದದ ಮೇಲಿನ ಅಂಕಿ

1937ರಲ್ಲಿ ಪ್ರಕಟವಾದ ನೆಪೋಲಿಯನ್ ಹಿಲ್‌ರ ‘ಥಿಂಕ್ ಅಂಡ್ ಗ್ರೋ ರಿಚ್’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಮೆರಿಕವು ಮಹಾಕುಸಿತದಿಂದ ತತ್ತರಿಸಿದ್ದ ಕಾಲವದು. ಬೇಕಾದ ಹಣದ ಮೊತ್ತವನ್ನು ಖಚಿತವಾಗಿ ನಿಶ್ಚಯಿಸಿಕೊಂಡು, ಅದು ಕೈಸೇರಬೇಕಾದ ದಿನಾಂಕವನ್ನು ಗೊತ್ತುಮಾಡಿ, ಪ್ರತಿಯಾಗಿ ತಾನು ಏನು ಕೊಡುವೆನೆಂಬುದನ್ನೂ ಸೇರಿಸಿ ಒಂದು ಹೇಳಿಕೆಯಾಗಿ ಬರೆದು, ದಿನಕ್ಕೆರಡು ಬಾರಿ, ರಾತ್ರಿ ಮಲಗುವ ಮುನ್ನ ಹಾಗೂ ಬೆಳಗ್ಗೆ ಎದ್ದೊಡನೆ, ಗಟ್ಟಿಯಾಗಿ ಓದಿಕೊಳ್ಳಬೇಕೆಂದು ಹಿಲ್ ವಿಧಿಸುತ್ತಾರೆ. ಆ ಹಣ ಆಗಲೇ ತನ್ನದಾಗಿದೆಯೆಂದು ಭಾವಿಸಿಕೊಳ್ಳಬೇಕೆಂಬುದೂ ವಿಧಿಯ ಒಂದು ಅಂಗ.

ಜೈನ ವಾಚಕರಿಗೆ ಈ ವಿಧಿಯ ಹೊರರೂಪ ಅಪರಿಚಿತವೇನಲ್ಲ. ಮುಂಜಾನೆ ಮುಸ್ಸಂಜೆಗಳ ಸಾಮಾಯಿಕ, ಪ್ರತಿಕ್ರಮಣಗಳಲ್ಲಿ ಕುಳಿತು ಸಂಕಲ್ಪವನ್ನು ಸ್ಮರಿಸುವುದು ನಮ್ಮ ಹಿರಿಯರ ನಿತ್ಯಕರ್ಮವಾಗಿತ್ತು. ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸುವ ಶ್ರಾವಕನೂ ಒಂದು ಅಂಕಿಯನ್ನು ಬರೆಯುತ್ತಾನೆ: ಇಷ್ಟು ಭೂಮಿ, ಇಷ್ಟು ಮನೆ, ಇಷ್ಟು ಚಿನ್ನ. ಹೀಗೆ ಎರಡು ಕಾಗದಗಳು, ಎರಡರ ಮೇಲೂ ಒಂದೊಂದು ಅಂಕಿ. ಹಿಲ್‌ರ ಕಾಗದದ ಮೇಲಿರುವ ಅಂಕಿ ಮುಟ್ಟಬೇಕಾದ ನೆಲೆ. ಮುಟ್ಟಿದ ಮರುದಿನ ಅದಕ್ಕಿಂತ ದೊಡ್ಡದೊಂದನ್ನು ಬರೆಯಲು ಯಾವ ಅಡ್ಡಿಯೂ ಇಲ್ಲ. ಶ್ರಾವಕನ ಕಾಗದದ ಮೇಲಿರುವುದು ದಾಟಬಾರದ ಗಡಿ. ಅದನ್ನು ಮುಟ್ಟಿದ ಮೇಲೆ ಬಂದುದೆಲ್ಲ ಪರರ ಪಾಲು. ಸಾಧನೆಯ ಬಾಹ್ಯಕ್ರಮವೆಲ್ಲ ಒಂದೇ ಇದ್ದು ಅಂಕಿಯ ಅರ್ಥ ಮಾತ್ರ ತಿರುಗಿಹೋದಾಗ, ಮನಸ್ಸಿನ ಮೇಲಾಗುವ ಪರಿಣಾಮ ಎಷ್ಟು ಭಿನ್ನವೆಂಬುದನ್ನು ವಿವರಿಸಬೇಕಾಗಿಲ್ಲ. ಒಂದು ಇಚ್ಛೆಗೆ ದಿನಕ್ಕೆರಡು ಬಾರಿ ನೀರೆರೆಯುತ್ತದೆ. ಇನ್ನೊಂದು ಅದರ ಸುತ್ತ ಬೇಲಿ ಹಾಕುತ್ತದೆ.

ಇಬ್ಬರು ತಂದೆಯರು

ಭಾರತದ ಯುವಜನರ ಮೇಲೆ ಅತಿಶಯ ಪ್ರಭಾವ ಬೀರಿದ ಕೃತಿ ರಾಬರ್ಟ್ ಕಿಯೊಸಾಕಿಯವರು ಶ್ಯಾರನ್ ಲೆಕ್ಟರ್‌ರೊಡನೆ ಬರೆದು 1997ರಲ್ಲಿ ಪ್ರಕಟಿಸಿದ ‘ರಿಚ್ ಡ್ಯಾಡ್ ಪೂರ್ ಡ್ಯಾಡ್’. ಅದರ ಒಂದು ಸೂತ್ರ ನಿಜಕ್ಕೂ ಉಪಯುಕ್ತ: ಜೇಬಿಗೆ ಹಣ ತರುವುದು ಆಸ್ತಿ, ಜೇಬಿನಿಂದ ಹಣ ಒಯ್ಯುವುದು ಹೊರೆ. ಕಂತಿನ ಮೇಲೆ ಕೊಂಡ ದೊಡ್ಡ ಕಾರು, ಅಂತಸ್ತಿಗಾಗಿ ಕಟ್ಟಿಸಿದ ಮನೆ ಇವೆಲ್ಲ ಹೊರೆಯೇ ಎಂದು ಎಚ್ಚರಿಸಿ ಲೇಖಕರು ಅನೇಕರ ಕಣ್ಣು ತೆರೆಸಿದ್ದಾರೆ. ಆದರೆ ಈ ಪುಸ್ತಕದ ಶಕ್ತಿಯಿರುವುದು ಸೂತ್ರದಲ್ಲಲ್ಲ, ಕಥನದಲ್ಲಿ. ಹಡೆದ ತಂದೆ ವಿದ್ಯಾವಂತ; ಹವಾಯಿಯ ಶಿಕ್ಷಣ ಇಲಾಖೆಯ ಮುಖ್ಯಸ್ಥನಾಗಿ ಸೇವೆ ಸಲ್ಲಿಸಿದವನು. ಪುಸ್ತಕದಲ್ಲಿ ಅವನ ಹೆಸರು ‘ಬಡ ತಂದೆ’. ಗೆಳೆಯನ ತಂದೆ, ವ್ಯಾಪಾರಿ, ‘ಶ್ರೀಮಂತ ತಂದೆ’. ಹಸಿವಿನ ಬಡತನವನ್ನೇನೂ ಕಾಣದ, ಇಡೀ ದ್ವೀಪರಾಜ್ಯದ ಮಕ್ಕಳಿಗೆ ಪಾಠಶಾಲೆಗಳನ್ನು ನಡೆಸಿದ ಒಬ್ಬ ಸಜ್ಜನನನ್ನು ಸೋತವನ ಉದಾಹರಣೆಯಾಗಿ ನಿಲ್ಲಿಸಿದ್ದರಿಂದ ಆದ ಪರಿಣಾಮ ಗಂಭೀರವಾದದ್ದು. ಇದನ್ನು ಓದಿದ ತರುಣನು ತನ್ನ ಮನೆಯಲ್ಲಿರುವ ಶಾಲಾಮಾಸ್ತರನಾದ ತಂದೆಯನ್ನು, ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತಳಾದ ತಾಯಿಯನ್ನು ಯಾವ ಕಣ್ಣಿನಿಂದ ನೋಡಲು ಕಲಿಯುತ್ತಾನೆ? ಜೀವಮಾನದ ಸೇವೆಯನ್ನು ಕೊನೆಗುಳಿದ ಬ್ಯಾಂಕಿನ ಶಿಲ್ಕಿನಿಂದ ಅಳೆಯುವ ಅಭ್ಯಾಸವನ್ನು ಈ ಒಂದು ಶೀರ್ಷಿಕೆಯೇ ಕಲಿಸಿಬಿಡುತ್ತದೆ.

ಪುಸ್ತಕದ ಇನ್ನೊಂದು ಪ್ರಸಂಗವನ್ನು ನೋಡೋಣ. ಬಾಲಕರಿಬ್ಬರಿಗೆ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಚಿತ್ರಕಥೆಯ ಪುಸ್ತಕಗಳು ದೊರೆಯುತ್ತವೆ. ಅವನ್ನು ಮರಳಿ ಮಾರಬಾರದೆಂಬುದು ಕೊಟ್ಟವನ ಕರಾರು. ಹುಡುಗರು ಮಾರುವುದಿಲ್ಲ, ಒಂದು ಕೋಣೆಯಲ್ಲಿ ಜೋಡಿಸಿಟ್ಟು, ಎರಡು ಗಂಟೆಯ ಓದಿಗೆ ಹತ್ತು ಸೆಂಟಿನಂತೆ ಇತರ ಮಕ್ಕಳಿಂದ ಹಣ ಪಡೆಯುತ್ತಾರೆ, ನೋಡಿಕೊಳ್ಳಲು ಗೆಳೆಯನ ತಂಗಿಯನ್ನು ವಾರಕ್ಕೊಂದು ಡಾಲರಿಗೆ ನೇಮಿಸುತ್ತಾರೆ. ತಾವು ದುಡಿಯದೆ ಹಣ ದುಡಿಯುವಂತೆ ಮಾಡಿದ ಮೊದಲ ಪಾಠವೆಂದು ಲೇಖಕರು ಇದನ್ನು ಹೆಮ್ಮೆಯಿಂದ ವರ್ಣಿಸುತ್ತಾರೆ. ಕರಾರಿನ ಅಕ್ಷರ ಉಳಿಯಿತು, ನಿಜ. ಅದರ ಆಶಯ ಉಳಿಯಿತೇ ಎಂಬ ಪ್ರಶ್ನೆಯನ್ನು ಪುಸ್ತಕ ಎತ್ತುವುದೇ ಇಲ್ಲ. ಶ್ರಾವಕಾಚಾರದ ಸೂಕ್ಷ್ಮತೆಯಿರುವುದೇ ಇಲ್ಲಿ. ಅಚೌರ್ಯಾಣುವ್ರತಕ್ಕೆ ಹೇಳಿದ ಅತಿಚಾರಗಳನ್ನು ನೋಡಿ: ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜಶಾಸನವನ್ನು ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಕಲಬೆರಕೆ. ಅತಿಚಾರವೆಂದರೆ ವ್ರತದ ಪೂರ್ಣಭಂಗವಲ್ಲ. ಭಂಗದ ಅಂಚಿನಲ್ಲಿ ನಡೆಯುವ ಸಡಿಲಿಕೆ. ನೇರವಾಗಿ ಕದಿಯದವನು ಹೇಗೆಲ್ಲ ಕದಿಯಬಲ್ಲನೆಂಬುದನ್ನು ನಮ್ಮ ಆಚಾರ್ಯರು ವ್ಯಾಪಾರಿಗಳ ನಡುವೆ ಬಾಳಿ ಬಲ್ಲವರಾಗಿದ್ದರು. ಕಾನೂನಿನ ಸಂದುಗಳನ್ನು ಬಲ್ಲವನೇ ಜಾಣನೆಂದು ಬೋಧಿಸುವ ಪುಸ್ತಕಕ್ಕೂ, ಆ ಸಂದುಗಳಲ್ಲಿಯೇ ದೋಷವನ್ನು ಹುಡುಕುವ ಶಾಸ್ತ್ರಕ್ಕೂ ಇರುವ ಅಂತರ ಇದು.

ಕಂಪನಿಯ ರೂಪದಲ್ಲಿ ವ್ಯವಹರಿಸಿ ತೆರಿಗೆಯಿಂದಲೂ ದಾವೆಗಳಿಂದಲೂ ರಕ್ಷಣೆ ಪಡೆಯಬೇಕೆಂಬುದು ಇದೇ ಪುಸ್ತಕದ ಮುಖ್ಯ ಬೋಧೆಗಳಲ್ಲೊಂದು. 2012ರಲ್ಲಿ ಕಿಯೊಸಾಕಿಯವರದೇ ಒಂದು ಕಂಪನಿ, ಅವರ ಉಪನ್ಯಾಸಗಳನ್ನು ಏರ್ಪಡಿಸಿದ್ದ ಸಂಸ್ಥೆಗೆ ಎರಡು ಕೋಟಿ ಡಾಲರಿಗೂ ಮಿಗಿಲಾದ ಹಣವನ್ನು ಕೊಡಬೇಕೆಂದು ನ್ಯಾಯಾಲಯದ ತೀರ್ಪಾದ ಮೇಲೆ, ದಿವಾಳಿಯ ಅರ್ಜಿ ಸಲ್ಲಿಸಿತು. ಕಂಪನಿಯ ಋಣ ಕಂಪನಿಯದು ಮಾತ್ರವೆಂಬುದು ಕಾನೂನಿನ ಒಪ್ಪಿತ ತತ್ತ್ವ. ಅದರಲ್ಲಿ ಅಪರಾಧವೇನೂ ಇಲ್ಲ. ಆದರೆ ಬ್ಯಾಬಿಲೋನಿನ ಒಂಟೆ ವ್ಯಾಪಾರಿ ಸಾಲಗಾರರ ಮನೆಬಾಗಿಲಿಗೆ ನಡೆದು ಹೋಗಿ ಎರಡೆರಡು ಭಾಗ ಸಲ್ಲಿಸುತ್ತಿದ್ದ ಕಥೆಯಿಂದ ಇಲ್ಲಿಯವರೆಗೆ ಈ ಸಾಹಿತ್ಯ ಪ್ರಕಾರ ಎಷ್ಟು ದೂರ ಬಂದಿದೆಯೆಂಬುದನ್ನು ಇದರಿಂದ ಅರಿಯಬಹುದು.

ಸಾಕೆಂಬ ಮಾತು

ಈ ಪ್ರಕಾರದ ಎಲ್ಲ ಪುಸ್ತಕಗಳೂ ಒಂದೇ ತೆರನಾಗಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಥಾಮಸ್ ಸ್ಟ್ಯಾನ್ಲಿ ಮತ್ತು ವಿಲಿಯಂ ಡ್ಯಾಂಕೊ 1996ರಲ್ಲಿ ಪ್ರಕಟಿಸಿದ ‘ದಿ ಮಿಲಿಯನೇರ್ ನೆಕ್ಸ್ಟ್ ಡೋರ್’ ಆಡಂಬರವನ್ನು ಖಂಡಿಸಿ ಮಿತವ್ಯಯವನ್ನು ಹೊಗಳುತ್ತದೆ. ಆದರೆ ಅದು ಮನುಷ್ಯನಿಗೆ ಅಂಕ ಕೊಡಲು ಒಂದು ಸೂತ್ರವನ್ನೂ ಮಾಡಿದೆ: ವಯಸ್ಸನ್ನು ವಾರ್ಷಿಕ ವರಮಾನದಿಂದ ಗುಣಿಸಿ ಹತ್ತರಿಂದ ಭಾಗಿಸಿದರೆ ಅವನಲ್ಲಿರಬೇಕಾದ ಸಂಪತ್ತು. ಹತ್ತು ಲಕ್ಷ ವರಮಾನದ ನಲವತ್ತು ವರ್ಷದವನಲ್ಲಿ ನಲವತ್ತು ಲಕ್ಷವಿರಬೇಕು. ಇದರ ಅರ್ಧ ಮಾತ್ರ ಇದ್ದವನು ಹಿಂದುಳಿದವನು. ತಂಗಿಯ ಓದಿಗೆ, ತಂದೆಯ ಚಿಕಿತ್ಸೆಗೆ ತನ್ನ ದುಡಿಮೆಯನ್ನು ಸುರಿದವನಿಗೂ, ದುಂದುಗಾರನಿಗೂ ಈ ಸೂತ್ರದಲ್ಲಿ ಭೇದವಿಲ್ಲ. ಉಳಿದ ಹಣ ಕಾಣುತ್ತದೆ. ಹಣ ಎಲ್ಲಿಗೆ ಹೋಯಿತೆಂಬುದು ಕಾಣುವುದಿಲ್ಲ. ಮೇಲಾಗಿ, ಮಿತವ್ಯಯವು ಇಲ್ಲಿ ಸಂಚಯದ ಸಾಧನವೇ ಹೊರತು ಅಪರಿಗ್ರಹದ ಸಾಧನವಲ್ಲ. ಕಡಿಮೆ ಖರ್ಚು ಮಾಡುವ ಲೋಭಿಯನ್ನು ಸಂಯಮಿಯೆಂದು ಭ್ರಮಿಸುವ ಅಪಾಯ ನಮ್ಮ ಸಮಾಜದಲ್ಲಂತೂ ಬಹಳ ಹಳೆಯದು.

ಇದಕ್ಕೆ ನಾಲ್ಕು ವರ್ಷ ಮೊದಲು, 1992ರಲ್ಲಿ, ಜೋ ಡೊಮಿಂಗೆಜ್ ಮತ್ತು ವಿಕಿ ರಾಬಿನ್ ಬರೆದ ‘ಯುವರ್ ಮನಿ ಆರ್ ಯುವರ್ ಲೈಫ್’ ಈ ಸಾಲಿನಲ್ಲಿ ನನಗೆ ಅತ್ಯಂತ ಗೌರವಾರ್ಹವೆನಿಸಿದ ಕೃತಿ. ಡೊಮಿಂಗೆಜ್ ಷೇರುಪೇಟೆಯ ವಿಶ್ಲೇಷಕರಾಗಿದ್ದು ಮೂವತ್ತೊಂದನೆಯ ವಯಸ್ಸಿಗೇ ನಿವೃತ್ತರಾಗಿ ಸರಳವಾಗಿ ಬಾಳಿದವರು. ಹಣವೆಂದರೆ ಅದಕ್ಕಾಗಿ ನಾವು ತೆತ್ತ ಆಯುಷ್ಯ ಎಂಬುದು ಅವರ ಮೂಲ ವಿಚಾರ. ಒಂದು ವಸ್ತುವಿನ ಬೆಲೆಯನ್ನು ರೂಪಾಯಿಗಳಲ್ಲಲ್ಲದೆ ಬಾಳಿನ ಗಂಟೆಗಳಲ್ಲಿ ಲೆಕ್ಕಹಾಕಲು ಅವರು ಕಲಿಸುತ್ತಾರೆ. ಖರ್ಚು ಏರುತ್ತ ಹೋದಂತೆ ತೃಪ್ತಿ ಒಂದು ಶಿಖರವನ್ನು ಮುಟ್ಟಿ ಆಮೇಲೆ ಇಳಿಯುತ್ತದೆಯೆಂದು ರೇಖಾಚಿತ್ರದಲ್ಲಿ ತೋರಿಸಿ, ಆ ಶಿಖರಕ್ಕೆ ‘ಸಾಕು’ ಎಂದು ಹೆಸರಿಡುತ್ತಾರೆ. 2020ರಲ್ಲಿ ಬಂದ ಮಾರ್ಗನ್ ಹೌಸೆಲ್‌ರ ‘ದಿ ಸೈಕಾಲಜಿ ಆಫ್ ಮನಿ’ಯಲ್ಲಿಯೂ ಈ ಸಾಕೆಂಬ ಮಾತಿಗೆ ಒಂದು ಅಧ್ಯಾಯವಿದೆ. ಕೋಲ್ಕತ್ತದಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆ ತಾಯಿಗಳನ್ನು ಕಳೆದುಕೊಂಡು, ಅಮೆರಿಕದ ಪ್ರಖ್ಯಾತ ಸಲಹಾ ಸಂಸ್ಥೆಯೊಂದರ ಮುಖ್ಯಸ್ಥರಾದ ರಜತ್ ಗುಪ್ತರು, ಎಲ್ಲವೂ ಇದ್ದೂ ಇನ್ನೂ ಬೇಕೆಂದು ಹೋಗಿ ಗುಪ್ತಮಾಹಿತಿಯನ್ನು ಹೊರಗೆಡವಿದ ಪ್ರಕರಣದಲ್ಲಿ 2012ರಲ್ಲಿ ಶಿಕ್ಷೆಗೊಳಗಾದ ವೃತ್ತಾಂತವನ್ನು ಅಲ್ಲಿ ಕಾಣಬಹುದು.

ಇಷ್ಟಾದರೂ ಈ ಎರಡು ಪುಸ್ತಕಗಳಲ್ಲಿ ‘ಸಾಕು’ ಎಂಬುದನ್ನು ನಿಶ್ಚಯಿಸುವವನು ಓದುಗನೊಬ್ಬನೇ. ನಿಶ್ಚಯಿಸುವ ಅಳತೆ ಅವನ ಸ್ವಂತ ತೃಪ್ತಿ. ಅದಕ್ಕೆ ಸಾಕ್ಷಿಯಿಲ್ಲ, ಸಮಯದ ಕಟ್ಟಿಲ್ಲ. ನಿನ್ನೆ ಸಾಕೆನಿಸಿದ್ದು ನೆರೆಮನೆಯವನು ಮಹಡಿ ಕಟ್ಟಿಸಿದ ದಿನ ಸಾಲದೆನಿಸುತ್ತದೆ.

ನಮ್ಮಲ್ಲಿರುವ ಅಳತೆಗೋಲು

ಜೈನಧರ್ಮವು ಗೃಹಸ್ಥನ ಸಂಪತ್ತನ್ನು ಹಳಿಯುವುದಿಲ್ಲ. ಶ್ರಾವಕನ ಲಕ್ಷಣಗಳನ್ನು ಹೇಳುವಾಗ ಹೇಮಚಂದ್ರಾಚಾರ್ಯರೂ ಪಂಡಿತ ಆಶಾಧರರೂ ಮೊದಲಿಗೆ ಎತ್ತುವ ಮಾತೇ ನ್ಯಾಯದಿಂದ ಗಳಿಸಿದ ಧನ. ಆದಾಯವನ್ನು ನಾಲ್ಕು ಪಾಲು ಮಾಡಿ ಒಂದನ್ನು ನಿಧಿಯಾಗಿ ಇರಿಸಿ, ಒಂದನ್ನು ವ್ಯಾಪಾರದಲ್ಲಿ ತೊಡಗಿಸಿ, ಒಂದನ್ನು ಧರ್ಮಕ್ಕೂ ಉಪಭೋಗಕ್ಕೂ ಸಲ್ಲಿಸಿ, ಒಂದರಿಂದ ಆಶ್ರಿತರನ್ನು ಪೋಷಿಸಬೇಕೆಂಬ ಹಳೆಯ ನೀತಿಯನ್ನು ಶ್ರಾವಕಾಚಾರದ ವ್ಯಾಖ್ಯಾನಗಳು ನೆನೆಯುತ್ತವೆ. ಆಧುನಿಕ ಪುಸ್ತಕಗಳ ಆಯವ್ಯಯದ ಕೋಷ್ಟಕಗಳಿಗಿಂತ ಇದು ಕಡಿಮೆ ವ್ಯಾವಹಾರಿಕವೇನಲ್ಲ. ಉಪಾಸಕದಶಾಂಗದ ಆನಂದ ಗೃಹಪತಿ ನಿಧಿಯಲ್ಲಿ ನಾಲ್ಕು ಕೋಟಿ, ಬಡ್ಡಿ ವ್ಯವಹಾರದಲ್ಲಿ ನಾಲ್ಕು ಕೋಟಿ, ಗೃಹಸಂಪತ್ತಿನಲ್ಲಿ ನಾಲ್ಕು ಕೋಟಿ ಸುವರ್ಣವುಳ್ಳವನು. ಮಹಾವೀರಸ್ವಾಮಿಯ ಮುಂದೆ ಅವನು ಅದನ್ನೆಲ್ಲ ತ್ಯಜಿಸಲಿಲ್ಲ. ಇದಕ್ಕಿಂತ ಹೆಚ್ಚು ಬೇಡವೆಂದು ಗೆರೆ ಎಳೆದನು. ಗೆರೆಯನ್ನು ಗುರುಸಾಕ್ಷಿಯಾಗಿ ಎಳೆದದ್ದೇ ಅದರ ಬಲ.

ಆಚಾರ್ಯ ಸಮಂತಭದ್ರರು ರತ್ನಕರಂಡಕದಲ್ಲಿ ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಕೊಡುತ್ತಾರೆ. ಅಳೆಯಬೇಕಾದದ್ದು ಕೇವಲ ವಸ್ತುವನ್ನಲ್ಲ, ಇಚ್ಛೆಯನ್ನು. ಅವರು ಹೇಳುವ ಐದು ಅತಿಚಾರಗಳು ಇಂದಿನ ಓದುಗನಿಗೆ ಬೆರಗು ಹುಟ್ಟಿಸುವಂತಿವೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ವ್ಯಾಖ್ಯಾನದ ಪ್ರಕಾರ, ಲಾಭದ ಆಸೆಯಿಂದ ಧಾನ್ಯವನ್ನು ಕೂಡಿಡುವುದು ಅತಿಸಂಗ್ರಹ. ಪರರಿಗೆ ಬಂದ ಹೆಚ್ಚಿನ ಲಾಭವನ್ನು ಕಂಡು ಕೊರಗುವುದು ವಿಸ್ಮಯ. ಒಳ್ಳೆಯ ಲಾಭ ಬಂದ ಮೇಲೂ ಇನ್ನಷ್ಟನ್ನು ಬಯಸುವುದು ಲೋಭ. ಉಳಿದೆರಡು ಎತ್ತುಗಳಿಗೆ ಸಂಬಂಧಿಸಿದವು: ಅವನ್ನು ಶಕ್ತಿ ಮೀರಿ ಓಡಿಸುವುದು, ಶಕ್ತಿ ಮೀರಿ ಹೊರಿಸುವುದು. ಹಣದ ಆಸೆಯ ಭಾರ ಕೊನೆಗೆ ಯಾರ ಬೆನ್ನ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ವ್ರತದ ಒಳಗೇ ಇರಿಸಿದ ಈ ವಿವೇಕ, ನಾವು ಮೇಲೆ ಕಂಡ ಪುಸ್ತಕಗಳಲ್ಲಿ ಎದ್ದುಕಾಣುವಂತೆ ಇಲ್ಲ. ಬಾಡಿಗೆಯ ಮನೆಗಳು ಸಂಪತ್ತನ್ನು ಬೆಳೆಸುತ್ತವೆಯೆಂದು ಅವು ಹೇಳುತ್ತವೆ. ಬಾಡಿಗೆ ಕಟ್ಟುವವನ ಮುಖ ಅಲ್ಲಿ ಕಾಣದು. ನಮ್ಮ ಪರಂಪರೆಯೂ ನಿರ್ದೋಷವಲ್ಲ. ಬಾಹ್ಯಪರಿಗ್ರಹದ ಹಳೆಯ ಪಟ್ಟಿಯಲ್ಲಿ ಕ್ಷೇತ್ರ, ವಾಸ್ತುಗಳೊಡನೆ ದಾಸೀ ದಾಸರೂ ಎಣಿಕೆಯಾಗಿದ್ದಾರೆ. ಆದರೆ ಎಣಿಸಿದ್ದು ಮಿತಿಗೊಳಿಸಲಿಕ್ಕಾಗಿ ಎಂಬುದನ್ನು ಮರೆಯಬಾರದು.

ವ್ರತದ ಅಂಕಿ ಇಂದಿನ ಬೆಲೆಯೇರಿಕೆಯ ಕಾಲದಲ್ಲಿ ನಿಲ್ಲುವುದೇ ಎಂಬ ಆಕ್ಷೇಪ ಸಹಜವಾದದ್ದು. ನೂರಕ್ಕೆ ಎಂಟರ ಬಡ್ಡಿಯಲ್ಲಿ ಒಂಬತ್ತು ವರ್ಷಕ್ಕೊಮ್ಮೆ ಹಣ ಇಮ್ಮಡಿಯಾಗಿ, ಮೂವತ್ತಾರು ವರ್ಷಗಳಲ್ಲಿ ಒಂದು ಲಕ್ಷ ಸುಮಾರು ಹದಿನಾರು ಲಕ್ಷವಾಗುತ್ತದೆಂದು ಪುಸ್ತಕಗಳು ಲೆಕ್ಕ ಕೊಡುತ್ತವೆ. ಬೆಲೆಗಳು ನೂರಕ್ಕೆ ಆರರಂತೆ ಏರಿದರೆ ಅದೇ ಅವಧಿಯಲ್ಲಿ ಒಂದು ಲಕ್ಷದ ಜೀವನ ಸುಮಾರು ಎಂಟು ಲಕ್ಷದ್ದಾಗಿರುತ್ತದೆ. ನಿಜವಾದ ವೃದ್ಧಿ ಹದಿನಾರು ಪಟ್ಟಲ್ಲ, ಎರಡು ಪಟ್ಟು. ಆದ್ದರಿಂದ ಪರಿಮಾಣವನ್ನು ರೂಪಾಯಿಯಲ್ಲಿ ಮಾತ್ರವಲ್ಲದೆ ಪೂರ್ವಿಕರಂತೆ ವಸ್ತುವಿನಲ್ಲಿ ಹೇಳುವುದು ಯುಕ್ತ: ವಾಸಕ್ಕೊಂದು ಮನೆ, ಇಷ್ಟು ಎಕರೆ ನೆಲ, ಇಷ್ಟು ತೊಲ ಚಿನ್ನ, ಇಷ್ಟು ವರ್ಷಗಳ ಜೀವನಕ್ಕೆ ಸಾಲುವ ನಿಧಿ. ಬೆಲೆ ಏರಿದರೂ ಈ ಗೆರೆ ಅಲುಗುವುದಿಲ್ಲ.

ಗೆರೆಯಿಲ್ಲದ ಆಸೆ ಎಲ್ಲಿಗೆ ಒಯ್ಯುವುದೆಂಬುದಕ್ಕೆ ಸಾಕ್ಷ್ಯ ದೂರವಿಲ್ಲ. 2024ರ ಸೆಪ್ಟೆಂಬರಿನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದಂತೆ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರಕ್ಕಿಳಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತು. ಇದಕ್ಕೆಲ್ಲ ಪುಸ್ತಕಗಳೇ ಕಾರಣವೆನ್ನುವುದು ಅನ್ಯಾಯ. ಒಳ್ಳೆಯ ಪುಸ್ತಕಗಳು ಇಂತಹ ಆಟದ ವಿರುದ್ಧ ಎಚ್ಚರಿಸುತ್ತವೆ. ಆದರೆ ಸಂಬಳದ ದುಡಿಮೆಯನ್ನು ಮೂರ್ಖತನವೆಂದು ಹೀಗಳೆದ ಬೋಧೆಗೂ, ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತವು ಹೊಸ ವೇಷದಲ್ಲಿ ಮನೆಹೊಕ್ಕುದಕ್ಕೂ ಸಂಬಂಧವೇ ಇಲ್ಲವೆನ್ನುವಂತಿಲ್ಲ.

ಕುಟುಂಬಗಳಿಗೂ ಟ್ರಸ್ಟುಗಳಿಗೂ

ಬಸದಿಯ ಟ್ರಸ್ಟುಗಳು ಇಲ್ಲಿ ಉದಾಹರಣೆಯಾಗಿ ನಿಲ್ಲಬಲ್ಲವು. ಧರ್ಮಾರ್ಥ ಸಂಸ್ಥೆ ತನ್ನ ವರಮಾನದಲ್ಲಿ ನೂರಕ್ಕೆ 85 ಭಾಗವನ್ನು ಉದ್ದೇಶಕ್ಕಾಗಿ ವಿನಿಯೋಗಿಸಬೇಕೆಂದೂ, ಹೆಚ್ಚು ಕೂಡಿಡಬೇಕಾದರೆ ಯಾವ ಕಾರ್ಯಕ್ಕೆ, ಎಷ್ಟು ಕಾಲಕ್ಕೆ ಎಂದು ಬರೆದು ತಿಳಿಸಬೇಕೆಂದೂ ಆದಾಯ ತೆರಿಗೆಯ ಕಾನೂನು ವಿಧಿಸಿದೆ. ಅಂದರೆ ಸಂಸ್ಥೆಗಳಿಗೆ ಸರ್ಕಾರವೇ ಒಂದು ಪರಿಗ್ರಹ ಪರಿಮಾಣವನ್ನು ಹಾಕಿಕೊಟ್ಟಿದೆ. ಅದನ್ನು ತೆರಿಗೆ ತಪ್ಪಿಸುವ ಲೆಕ್ಕವಾಗಿ ಕಾಣದೆ ವ್ರತವಾಗಿ ಕಂಡು, ಠೇವಣಿಯ ಮೊತ್ತಕ್ಕಿಂತ ಆ ವರ್ಷ ನಡೆದ ಆಹಾರ, ಔಷಧ, ಶಾಸ್ತ್ರ, ಅಭಯ ದಾನಗಳ ವಿವರವನ್ನು ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಮುದ್ರಿಸಿದರೆ ಓದುವ ಕುಟುಂಬಗಳಿಗೆ ಅದೇ ಪಾಠವಾಗುತ್ತದೆ. ಕಲಶದ ಸವಾಲಿನಲ್ಲಿ ಕೂಗಿದ ಮೊತ್ತಕ್ಕೆ ಸಲ್ಲುವ ಮರ್ಯಾದೆ, ಹೆಸರು ಹೇಳದೆ ವಿದ್ಯಾರ್ಥಿಯ ಶುಲ್ಕ ಕಟ್ಟಿದವನಿಗೂ ಮನಸ್ಸಿನಲ್ಲಾದರೂ ಸಲ್ಲಬೇಕು. ಇಲ್ಲವಾದರೆ ಶ್ರೀಮಂತ ತಂದೆ, ಬಡ ತಂದೆಯರ ಭೇದವನ್ನು ಪುಸ್ತಕ ಕಲಿಸುವ ಮೊದಲೇ ಬಸದಿಯ ಅಂಗಳದಲ್ಲಿ ನಾವು ಕಲಿಸಿದಂತಾಗುತ್ತದೆ.

ಇನ್ನು ಮನೆಗಳಲ್ಲಿ ಈ ಪುಸ್ತಕಗಳನ್ನು ನಿಷೇಧಿಸುವ ಅಗತ್ಯವಿಲ್ಲ. ಓದಲಿ, ಆದರೆ ಒಟ್ಟಿಗೆ ಕುಳಿತು ಓದಲಿ. ಪ್ರತಿಯೊಂದು ಪುಸ್ತಕಕ್ಕೂ ಮೂರು ಪ್ರಶ್ನೆಗಳನ್ನು ಹಾಕಲು ಮಕ್ಕಳಿಗೆ ಕಲಿಸಿದರೆ ಸಾಕು. ಈ ಹಣ ಹೇಗೆ ಬರುತ್ತದೆ? ಇದರ ಭಾರವನ್ನು ಯಾರು ಹೊರುತ್ತಾರೆ? ಇದು ಎಲ್ಲಿ ನಿಲ್ಲುತ್ತದೆ? ಮೊದಲ ಪ್ರಶ್ನೆಗೆ ಬಹುತೇಕ ಪುಸ್ತಕಗಳು ಉತ್ತರ ಕೊಡುತ್ತವೆ, ಎರಡನೆಯದಕ್ಕೆ ಮೌನವಾಗುತ್ತವೆ, ಮೂರನೆಯದಕ್ಕೆ ಒಂದೋ ಎರಡೋ ಮಾತ್ರ ಬಾಯಿ ತೆರೆಯುತ್ತವೆ. ಉಳಿದ ಉತ್ತರವನ್ನು ಮನೆಯವರೇ ಬರೆಯಬೇಕು. ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯದ ದಿನ. ಆ ಸಂಜೆ ಮನೆಯ ಹಿರಿಯರು ಕಿರಿಯರು ಕುಳಿತು, ಮನೆಯ ಲೆಕ್ಕವನ್ನು ಮಕ್ಕಳ ಮುಂದೆ ಬಿಚ್ಚಿಟ್ಟು, ನಮಗೆ ಎಷ್ಟು ಸಾಕೆಂಬುದನ್ನು ಒಂದು ಹಾಳೆಯಲ್ಲಿ ಬರೆದು, ಹಿಂದಿನ ವರ್ಷ ಬರೆದುದರೊಡನೆ ಹೋಲಿಸಿ ನೋಡುವ ಪದ್ಧತಿಯನ್ನು ಆರಂಭಿಸಬಹುದು. ಅಂತಹ ಮನೆಯಲ್ಲಿ ಬೆಳೆದ ಮಗುವಿನ ಕೈಗೆ ಮುಂದೊಂದು ದಿನ ಯಾವ ಹಣದ ಪುಸ್ತಕ ಬಂದರೂ ಭಯಪಡಬೇಕಾದ ಕಾರಣವಿಲ್ಲ.